ನನ್ನ ಕೆಮ್ಮನ್ನು ಹಿಂದಿರುಗಿಸುವ ಕುರಿತು

ಹಳೆಯ ಹಾಡುಗಳ ಕೊಳೆ ತೊಳೆದು ಹೊಸದು ಮಾಡುವ ವಿಭಾಗದ ಮುಖ್ಯಸ್ಥರಿಗೆ, ಅವರ ಯಂತ್ರಗಳಿಗೆ ಮತ್ತು ಆ ಯಂತ್ರಗಳ ಗುಂಡಿ ಒತ್ತುವ ಪುಣ್ಯವಂತ ಬೆರಳುಗಳಿಗೆ,

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಗಂಟಲು ಸದಾ ನಿರ್ಮಲವಾಗಿದೆಯೆಂದೂ ನಂಬಿ ಈ ಬಹಿರಂಗ ಪತ್ರಕ್ಕೆ ಕೈ ಹಾಕಿದ್ದೇನೆ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು; ದೊಡ್ಡವರಿಗೆ ಪತ್ರ ಬರೆದು ಅಭ್ಯಾಸವಿಲ್ಲ. ಮಾತು ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ತಮ್ಮ ಕಂಪನಿ ಯಾರ ಕಂಠದಿಂದ ಬದುಕುತ್ತಿದೆಯೋ ಆ ಗಾಯಕಿಯ ಹತ್ತೊಂಬತ್ತು ಕಛೇರಿಗಳಿಗೆ ನಾನು ಹೋಗಿದ್ದೇನೆ. ಅವುಗಳಲ್ಲಿ ಏಳನ್ನು ಎದುರಿನವರ ತಲೆಯ ಹಿಂಭಾಗವನ್ನು ನೋಡುತ್ತ, ಎರಡನ್ನು ಬಾಗಿಲಿನ ಹೊರಗೆ ನಿಂತು, ಒಂದನ್ನು ಪಕ್ಕದ ಕುರ್ಚಿಯವರ ಗೊರಕೆಯ ಜೊತೆಯಲ್ಲಿ ಕೇಳಿದ್ದೇನೆ. ಅವರ ಆಲ್ಬಂಗಳೆಲ್ಲ ನಮ್ಮ ಮನೆಯ ಬೀರುವಿನಲ್ಲಿವೆ. ಆದ್ದರಿಂದ ನನ್ನ ಅಂಗಿಗಳು ಕುರ್ಚಿಯ ಮೇಲಿವೆ.

ಈಗ ವಿಷಯಕ್ಕೆ ಬರುತ್ತೇನೆ. ಇಪ್ಪತ್ತೆಂಟು ವರ್ಷಗಳ ಹಿಂದೆ ತಾವು ಧ್ವನಿಮುದ್ರಿಸಿದ ಆ ಪ್ರಸಿದ್ಧ ಕಛೇರಿಯ ಐದನೇ ಹಾಡಿನಲ್ಲಿ, ಕೊನೆಯ ಸಾಲಿಗೆ ಮುಂಚೆ, ಗಾಯಕಿ ಒಂದು ಕ್ಷಣ ನಿಲ್ಲುತ್ತಾರೆ. ಇಡೀ ಸಭಾಂಗಣ ಉಸಿರು ಬಿಗಿಹಿಡಿದಿದ್ದ ಆ ಕ್ಷಣದಲ್ಲಿ ಮೂರನೇ ಸಾಲಿನಲ್ಲಿ ಕುಳಿತಿದ್ದವನೊಬ್ಬ ಕೆಮ್ಮಿದ. ಆ ಪಾಪಿ ನಾನೇ. ಎಂಟುನೂರು ಜನ ತಿರುಗಿ ನೋಡಿದರು. ಭೂಮಿ ಬಾಯಿಬಿಟ್ಟಿದ್ದರೆ ಟಿಕೆಟ್ ಕೇಳದೆ ಒಳಗೆ ಹೋಗಿಬಿಡುತ್ತಿದ್ದೆ. ಆಗ ಪಕ್ಕದ ಕುರ್ಚಿಯ ಅಪರಿಚಿತ ಹುಡುಗಿ ಕೈಚೀಲದಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು, ಪರಪರ ಎಂದು ಅದರ ಕಾಗದ ಬಿಚ್ಚಿ, ನನ್ನ ಅಂಗೈಯಲ್ಲಿಟ್ಟಳು. ಕಛೇರಿ ಕ್ಯಾಸೆಟ್ಟಾಗಿ ಬಂದಾಗ ನನ್ನ ಕೆಮ್ಮೂ, ಅವಳ ಕಾಗದದ ಸದ್ದೂ ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿದ್ದವು. ಅಷ್ಟರೊಳಗೆ ನಮ್ಮಿಬ್ಬರ ಮದುವೆಯೂ ನಿಶ್ಚಯವಾಗಿತ್ತು.

ಅಂದಿನಿಂದ ನನಗೆ ದೊರೆತ ಗೌರವವನ್ನು ತಾವು ಊಹಿಸಲಾರಿರಿ. ನಮ್ಮ ಅತ್ತೆಯವರು ಕಂಡಕಂಡವರಿಗೆಲ್ಲ "ನಮ್ಮಳಿಯ ಕ್ಯಾಸೆಟ್ಟಲ್ಲಿದ್ದಾರೆ" ಎಂದು ಹೇಳಿಕೊಂಡು ಬಂದರು. ಅದರಲ್ಲಿ ಏನು ಮಾಡುತ್ತಾರೆ ಎಂದು ಕೇಳುವ ಮೊದಲೇ ಮಾತು ಬದಲಿಸುತ್ತಿದ್ದರು. ಭಾವಮೈದುನ ಸ್ನೇಹಿತರನ್ನು ಕೂರಿಸಿಕೊಂಡು ಆ ಜಾಗಕ್ಕೆ ಕ್ಯಾಸೆಟ್ ತಿರುಗಿಸಿ "ಇಲ್ಲಿ, ಇಲ್ಲಿ, ಈಗ ಬರ್ತಾರೆ ನೋಡಿ ಭಾವ" ಎನ್ನುತ್ತಿದ್ದ. ಪ್ರತಿ ವರ್ಷ ಮದುವೆಯ ದಿನ ನಾವಿಬ್ಬರೂ ಹಜಾರದಲ್ಲಿ ಕುಳಿತು ಐದನೇ ಹಾಡು ಹಾಕುತ್ತೇವೆ. ಕ್ಯಾಸೆಟ್ಟಿನಲ್ಲಿ ನಾನು ಕೆಮ್ಮಿದ ಕೂಡಲೇ ಅವಳು ನನಗೊಂದು ಪೆಪ್ಪರ್‌ಮಿಂಟ್ ಕೊಡುತ್ತಾಳೆ. ಅಂದಿನದು ಕರುಣೆಯಿಂದ ಕೊಟ್ಟದ್ದೆಂದು ನನ್ನ ವಾದ. ಬಾಯಿ ಮುಚ್ಚಿಸಲು ಕೊಟ್ಟದ್ದೆಂದು ಅವಳದು. ಪುರಾವೆ ಕ್ಯಾಸೆಟ್ಟಿನಲ್ಲಿದ್ದುದರಿಂದ ಇಪ್ಪತ್ತೇಳು ವರ್ಷ ಈ ಜಗಳ ಬಹಳ ಸುಖವಾಗಿ ನಡೆಯಿತು.

ಹೋದ ತಿಂಗಳು ತಾವು "ಹಳೆಯ ಕ್ಯಾಸೆಟ್ ಕೊಡಿ, ಪರಿಶುದ್ಧ ಆವೃತ್ತಿ ಪಡೆಯಿರಿ" ಎಂಬ ಯೋಜನೆಯನ್ನು ದಯಪಾಲಿಸಿದಿರಿ. ಅಂಗಡಿಯ ಸಾಲಿನಲ್ಲಿ ಮೊದಲು ನಿಂತವನು ನಾನು. ನನ್ನ ಕೆಮ್ಮು ಇನ್ನೂ ಸ್ವಚ್ಛವಾಗಿ ಕೇಳಿಸಬಹುದೆಂಬ ಆಸೆಗೆ, ನನ್ನ ಕೈಯಾರೆ ಕ್ಯಾಸೆಟ್ ಕೊಟ್ಟೆ. ಅಂಗಡಿಯವರು ಅದನ್ನು ಒಂದು ಗೋಣಿಚೀಲಕ್ಕೆ ಎಸೆದಾಗ ಟಕ್ ಎಂದು ಸದ್ದಾಯಿತು. ಮುಂದಿನ ಅನಾಹುತ ನನಗೆ ಆಗಲೇ ತಿಳಿಯಬೇಕಿತ್ತು. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ, ಅದಕ್ಕೆ ರಸೀದಿಯನ್ನೂ ಪಡೆದೆ.

ಮದುವೆಯ ದಿನ ಹೊಸ ಆವೃತ್ತಿ ಹಾಕಿದೆವು. ಗಾಯಕಿ ನಿಂತರು. ನಾವು ಮೈಯೆಲ್ಲ ಕಿವಿಯಾಗಿ ಕಾದೆವು. ಏನೂ ಇಲ್ಲ. ಎಂಟುನೂರು ಜನ ಕುಳಿತಿದ್ದ ಸಭಾಂಗಣದಲ್ಲಿ ನೊಣವೂ ಇಲ್ಲ. ಗಾಯಕಿ ಕೊನೆಯ ಸಾಲನ್ನೂ ಮುಗಿಸಿದರು. ನನ್ನ ಹೆಂಡತಿ ಪೆಪ್ಪರ್‌ಮಿಂಟ್ ಹಿಡಿದ ಕೈಯನ್ನು ಚಾಚಿಕೊಂಡೇ ಕುಳಿತಿದ್ದಳು. "ಯಾವಾಗ ಕೊಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ ರೀ" ಎಂದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸಿಟ್ಟು ಮಾಡಲಿಲ್ಲ, ಪೆಪ್ಪರ್‌ಮಿಂಟನ್ನು ಡಬ್ಬಿಗೆ ಹಾಕಿ ಅಡುಗೆಮನೆಗೆ ಹೋದಳು. ನನಗೆ ಬಹಳ ಸಂಕಟವಾಯಿತು.

ತಮ್ಮ ಕೌಶಲಕ್ಕೆ ನಾನು ತಲೆಬಾಗುತ್ತೇನೆ. ನಾಲ್ವರು ವೈದ್ಯರಿಂದ ಹೋಗದ ನನ್ನ ಕೆಮ್ಮನ್ನು ತಾವು ಗುಂಡಿಯೊಂದನ್ನು ಒತ್ತಿ ಓಡಿಸಿದ್ದೀರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರನ್ನು ಕೇಳಿದ್ದೆ. ಕೊಯ್ದ ಮೂಗನ್ನು ಹೊಳಪಿನ ಪೆಟ್ಟಿಗೆಯಲ್ಲಿಟ್ಟು ಮಾರುವವರನ್ನು ಈಗ ಕಂಡೆ. ನಾನೂ ಸ್ವಚ್ಛ ಮಾಡುವ ಕಸುಬಿನವನೇ. ಆದರೆ ಕನ್ನಡಕ ಒರೆಸುವ ಭರದಲ್ಲಿ ಅದರೊಳಗಿಂದ ಕಾಣುವ ಮನುಷ್ಯರನ್ನೂ ಒರೆಸಿಹಾಕಿದ್ದು ನನಗೆ ನೆನಪಿಲ್ಲ.

ತಮ್ಮ ದೂರು ವಿಭಾಗಕ್ಕೆ ಫೋನ್ ಮಾಡಿದೆ. ತಮ್ಮ ಯಂತ್ರ ನನ್ನನ್ನು ಐವತ್ತು ನಿಮಿಷ ಕಾಯಿಸಿ, ಅಷ್ಟು ಹೊತ್ತೂ ಅದೇ ಐದನೇ ಹಾಡನ್ನು, ಕೆಮ್ಮಿಲ್ಲದೆ, ಹದಿಮೂರು ಸಲ ಕೇಳಿಸಿತು. ಕೊನೆಗೆ ಸಿಕ್ಕಿದ ಸಿಬ್ಬಂದಿ ಬಹಳ ವಿನಯವಂತರು. ಎಲ್ಲವನ್ನೂ ಕೇಳಿ, "ಸಾರ್, ಕೆಮ್ಮು ಹೋದ್ರೆ ಒಳ್ಳೇದೇ ಅಲ್ವಾ?" ಎಂದರು. ಹಳೆಯ ಕ್ಯಾಸೆಟ್ಟುಗಳ ಗತಿ ಕೇಳಿದ್ದಕ್ಕೆ ಪುಡಿ ಮಾಡಲಾಗಿದೆ ಎಂದರು. ಹಳೆಯ ಮಾಲಿನ ಅಂಗಡಿಗಳಲ್ಲೆಲ್ಲ ಹುಡುಕಿದೆ. ತಮ್ಮ ಯೋಜನೆ ನನಗಿಂತ ಮೊದಲೇ ಅಲ್ಲಿಗೆಲ್ಲ ಹೋಗಿಬಂದಿತ್ತು.

ಆದ್ದರಿಂದ ನನ್ನ ಬೇಡಿಕೆಗಳು ಅಲ್ಪ. ತೆಗೆದ ಸದ್ದುಗಳನ್ನು ತಾವು ಎಲ್ಲೋ ಗುಡ್ಡೆ ಹಾಕಿರಲೇಬೇಕು. ಅದರಿಂದ ಎರಡು ಸೆಕೆಂಡಿನ ನನ್ನ ಕೆಮ್ಮನ್ನೂ, ನಾಲ್ಕು ಸೆಕೆಂಡಿನ ಅವಳ ಕಾಗದವನ್ನೂ ಆರಿಸಿ, ಒಡೆಯದಂತೆ ಹತ್ತಿಯಲ್ಲಿ ಸುತ್ತಿ ಅಂಚೆಗೆ ಹಾಕಬೇಕು. ಬೇರೆಯವರ ಕೆಮ್ಮುಗಳ ಜೊತೆ ಕಲಸಿಹೋಗಿದ್ದರೆ ಹೇಳಿ ಕಳುಹಿಸಿ, ನಾನೇ ಬಂದು ಗುರುತಿಸುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅದೂ ಆಗದಿದ್ದರೆ ಆ ಎಂಟುನೂರು ಜನರನ್ನು ಅವೇ ಕುರ್ಚಿಗಳಲ್ಲಿ ಮತ್ತೆ ಕೂರಿಸಿ, ಅವರು ನನ್ನನ್ನು ತಿರುಗಿ ನೋಡುವಂತೆ ಮಾಡಬೇಕು. ಇಷ್ಟು ದೊಡ್ಡ ಸಂಸ್ಥೆಗೆ ಇದು ಯಾವ ಮಹಾ ಕೆಲಸ.

ಉತ್ತರದ ನಿರೀಕ್ಷೆಯಲ್ಲಿ, ಈಗಲೂ ಕೆಮ್ಮುತ್ತಿರುವ

ತಮ್ಮ ವಿಶ್ವಾಸಿ,
ಮೂರನೇ ಸಾಲು, ಹದಿನಾಲ್ಕನೇ ಕುರ್ಚಿ

ತಾಜಾ ಕಲಂ: ಮುಂದಿನ ವಾರ ಅದೇ ಸಭಾಂಗಣದಲ್ಲಿ ಅದೇ ಗಾಯಕಿಯ ಕಛೇರಿಯನ್ನು ತಾವು ಮತ್ತೆ ಧ್ವನಿಮುದ್ರಿಸುತ್ತಿರುವುದು ತಿಳಿದು ಪರಮಾನಂದವಾಯಿತು. ನಮಗೆ ಹಳೆಯ ಕುರ್ಚಿಗಳೇ ಸಿಕ್ಕಿವೆ. ಅಡುಗೆಮನೆಯಲ್ಲಿ ಬಿಚ್ಚಿದರೆ ಹಜಾರಕ್ಕೆ ಕೇಳಿಸುವಂಥ ಪೆಪ್ಪರ್‌ಮಿಂಟ್ ಕಾಗದವನ್ನು ಐದು ಬಗೆ ಪರೀಕ್ಷಿಸಿ ಆರಿಸಿಟ್ಟಿದ್ದೇವೆ. ಗಾಯಕಿ ಕೊನೆಯ ಸಾಲಿಗೆ ಮುಂಚೆ ನಿಂತಾಗ ತಾವು ಗಾಬರಿಯಾಗಿ ನನ್ನನ್ನು ನೋಡುವ ಅಗತ್ಯವಿಲ್ಲ, ನಾನು ಸುಮ್ಮನಿರುತ್ತೇನೆ. ಇಷ್ಟು ವರ್ಷ ಪೆಪ್ಪರ್‌ಮಿಂಟ್ ಕೊಟ್ಟು ನನ್ನ ಹೆಂಡತಿಗೆ ಸಾಕಾಗಿದೆಯಂತೆ. ಈ ಸಲ ಕೆಮ್ಮುವವಳು ಅವಳು.