ಬಡಗಿಯೋ ಬೆಡಗಿಯೋ?

ತೂಕ-ಅಳತೆ ಇಲಾಖೆಯಲ್ಲಿದ್ದು ಜೀವಮಾನವಿಡೀ ಅಂಗಡಿಯವರ ತಕ್ಕಡಿ ಪರೀಕ್ಷಿಸಿದವನು ನಾನು. ನನ್ನ ತಲೆ ಕಂಡರೆ ಮಾರುಕಟ್ಟೆಗೆ ಮಾರುಕಟ್ಟೆಯೇ ನೆಟ್ಟಗಾಗುತ್ತಿತ್ತು. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ತಿಳಿಯಿತು, ಇಲ್ಲಿ ನನ್ನ ದೇಹಕ್ಕೆ ಮಾತ್ರ ತೂಕ, ಮಾತಿಗಿಲ್ಲ.

"ಕಾಲು ಎತ್ತಿ, ಗುಡಿಸ್ಬೇಕು," ಎನ್ನುತ್ತಾಳೆ ಹೆಂಡತಿ. ಎತ್ತಿದರೆ, "ಕಾಲೆತ್ತೋದೊಂದು ಚೆನ್ನಾಗಿ ಕಲಿತಿದ್ದಾರೆ ಅಳಿಯಂದಿರು," ಎಂದು ಒಳಕೋಣೆಯಿಂದ ಅತ್ತೆಯವರ ಷರಾ. (ಅವರಿಗೆ ಕಣ್ಣು ಮಂಜು; ಕಿವಿ ಮಾತ್ರ ಗೂಢಚಾರ ಇಲಾಖೆಯದು.)

ಹೀಗಿರುವಾಗ ಗ್ರಂಥಾಲಯದ ಗೋಡೆಯಲ್ಲೊಂದು ಪ್ರಕಟಣೆ ಕಂಡೆ. ಹಳೆಯ ಕಾಲದ ಜನನ, ಮದುವೆ, ಮರಣದ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಓದಿ, ಅದರಲ್ಲಿರುವ ಹೆಸರು, ವೃತ್ತಿ, ಬೀದಿಗಳನ್ನು ಟೈಪು ಮಾಡಿ ಸೂಚಿ ತಯಾರಿಸಲು ಸ್ವಯಂಸೇವಕರು ಬೇಕಂತೆ. ತಮ್ಮ ಹಿರಿಯರನ್ನು ಹುಡುಕುವವರಿಗೆ ಅದರಿಂದ ದಾರಿಯಾಗುತ್ತದಂತೆ. ಸ್ವಯಂಸೇವೆ! ಮನೆಸೇವೆಯಿಂದ ತಪ್ಪಿಸಿಕೊಳ್ಳಲು ಇದಕ್ಕಿಂತ ಘನವಾದ ಕಾರಣ ಸಿಕ್ಕೀತೇ?

"ಇನ್ಮೇಲೆ ನನ್ನ ಯಾರೂ ಕರೀಬಾರ್ದು. ನಾನು ಇತಿಹಾಸದಲ್ಲಿರ್ತೀನಿ," ಎಂದು ಘೋಷಿಸಿದೆ.

"ಇತಿಹಾಸಕ್ಕೆ ಹೋಗೋ ಮುಂಚೆ ಬಟ್ಟೆ ಒಣಗಿಸಿ ಹೋಗಿ," ಎಂದಳು ಹೆಂಡತಿ.

ಯಾವ ಊರಿನ ದಾಖಲೆ ಎಂಬ ಆಯ್ಕೆ ನಮ್ಮದೇ. ಅತ್ತೆಯವರ ಬಾಯಿ ಕೊಂಚ ತಣ್ಣಗಾಗಲೆಂದು ಅವರ ತವರೂರನ್ನೇ ಆರಿಸಿಕೊಂಡೆ. ಅಲ್ಲಿ ತಮಗೊಬ್ಬ ತಂಗಿ ಹುಟ್ಟಿದ್ದಳೆಂದು ಅವರು ಆಗಾಗ ಹೇಳುವುದಿತ್ತು. ತಾಯಿ ಹೆರಿಗೆಯಲ್ಲಿ ತೀರಿಕೊಂಡ ದಿನ ಯಾರೋ ಮಗುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋದದ್ದು ನೆನಪಂತೆ. "ಮಗುವೂ ಉಳೀಲಿಲ್ಲ, ನೀನೆಲ್ಲೋ ಕನಸು ಕಂಡಿದ್ದೀಯ," ಎಂದು ನೆಂಟರೆಲ್ಲ ಬಾಯಿ ಮುಚ್ಚಿಸಿದ್ದರು. ನಾನೂ ಒಳಗೊಳಗೇ ನಕ್ಕವನೇ.

ಆ ಊರಿನ ಗುಮಾಸ್ತನ ಬರವಣಿಗೆಯೋ, ಇರುವೆಗೆ ಶಾಯಿ ಕುಡಿಸಿ ಹಾಳೆಯ ಮೇಲೆ ಓಡಿಸಿದಂತಿತ್ತು. ನನ್ನ ಕೈಯಲ್ಲಿ 'ದರ್ಜಿ' ಅರ್ಜಿಯಾದ, 'ನೇಕಾರ' ನಕಾರವಾದ. ಕೊನೆಗೆ, ಹೆಸರು ಶಾಯಿಯಲ್ಲಿ ಮುಳುಗಿಹೋಗಿದ್ದ ಒಂದು ಮಗುವಿನ ತಂದೆಯ ವೃತ್ತಿ 'ಬೆಡಗಿ' ಎಂದು ಟೈಪು ಮಾಡಿ, ಆ ಕಾಲದವರ ಧೈರ್ಯಕ್ಕೆ ತಲೆದೂಗಿದೆ.

ಚಹಾ ಇಡಲು ಬಂದ ಹೆಂಡತಿ ಬಗ್ಗಿ ನೋಡಿದಳು.

"ರೀ, ಗಂಡಸು ಬೆಡಗಿ ಆಗೋದು ಹೇಗ್ರೀ?"

"ಇತಿಹಾಸದಲ್ಲಿ ಏನೇನೋ ಇರುತ್ತೆ. ನಿನಗೆ ಗೊತ್ತಾಗಲ್ಲ."

"ಮೇಲಿರೋದು ಶಾಯಿ ಕಲೆ ಕಣ್ರೀ! ಅದು ಬಡಗಿ. ಮರಗೆಲಸದೋನು!"

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು.

"ನಮ್ಮಪ್ಪ ಬಡಗಿ. ಬೀದಿ ಯಾವುದು ಅಂತ ಇದೆ?"

"ಉಪ್ಪಿನ ಗೋದಾಮಿನ ಬೀದಿ," ಎಂದು ಓದಿದ ಹೆಂಡತಿ, ಅಂಚಿನಲ್ಲಿದ್ದ ಸಣ್ಣ ಅಕ್ಷರಕ್ಕೆ ಬೆರಳಿಟ್ಟಳು. "ತಾಯಿ ಹೆರಿಗೆಯಲ್ಲಿ ಮೃತ. ಹೆಣ್ಣು ಶಿಶುವನ್ನು ಗಡಿಯಾರ ರಿಪೇರಿಯ ದಂಪತಿಗೆ ಸಾಕಲು ಕೊಟ್ಟಿದೆ... ಅಮ್ಮಾ!"

ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡರು. "ನಮ್ಮ ಬೀದೀನೇ ಅದು. ನಾನು ಹೇಳ್ತಾನೇ ಇದ್ದೆ. ಯಾರೂ ನಂಬಲಿಲ್ಲ."

ಆ ದನಿಯಲ್ಲಿ ನನಗೆ ಪರಿಚಯವಿದ್ದ ಗದರಿಕೆ ಇರಲಿಲ್ಲ. ಎದ್ದು ಅವರನ್ನು ಕೂರಿಸಿದೆ. ನಿಂತೇ 'ಬೆ' ಅಳಿಸಿ 'ಬ' ಮಾಡಿದೆ. ಒಂದು ಕಲೆಯನ್ನು ನಂಬಿ ಅಕ್ಕತಂಗಿಯರ ನಡುವೆ ಗೋಡೆ ಎಬ್ಬಿಸುತ್ತಿದ್ದೆನಲ್ಲ! ತಪ್ಪು ತಕ್ಕಡಿ ಇಟ್ಟವರಿಗೆಲ್ಲ ದಂಡ ಹಾಕಿದ್ದ ಮಹಾಶಯ ನಾನು.

ಸೂಚಿ ಕಳಿಸುವಾಗ, ಆ ಮಗುವಿನ ಅಕ್ಕ ನಮ್ಮ ಮನೆಯಲ್ಲೇ ಇದ್ದಾರೆಂದು ಸಂಯೋಜಕರಿಗೆ ಬರೆದು ನಂಬರನ್ನೂ ಕೊಟ್ಟೆ. ಕೆಲವು ವಾರ ಫೋನು ಬಡಿದುಕೊಂಡಾಗಲೆಲ್ಲ ಅತ್ತೆಯೇ ಮೊದಲು ಓಡಿದರು. ಒಂದು ಸಂಜೆ ಹುಡುಗಿಯೊಬ್ಬಳ ದನಿ: "ನಮ್ಮಜ್ಜಿ ಬಡಗಿಯೊಬ್ಬರ ಮಗಳಂತೆ. ಗಡಿಯಾರದ ತಾತ ಸಾಕಿದ್ರಂತೆ. ಎಷ್ಟು ಹುಡುಕಿದ್ರೂ ಸಿಕ್ಕಿರ್ಲಿಲ್ಲ, ಈಗ ನಿಮ್ಮ ಸೂಚಿಯಲ್ಲಿ ಸಿಕ್ತು. ಅಜ್ಜಿ ಇಲ್ಲೇ ಇದ್ದಾರೆ, ಕೊಡ್ಲಾ?"

ಚಿಕ್ಕತ್ತೆ ಬಂದ ದಿನ ಅತ್ತೆ ಬೆಳಗಿನಿಂದ ಗೇಟಿನ ಬಳಿಯೇ. ಕಾರಿನಿಂದ ಇಳಿದವರದ್ದೂ ಅದೇ ಗಲ್ಲ, ಸೊಂಟಕ್ಕೆ ಕೈಕೊಟ್ಟು ನಿಲ್ಲುವ ಅದೇ ಭಂಗಿ.

"ಎಷ್ಟು ತಡ ಮಾಡ್ದೆ!" ಎಂದರು ಅತ್ತೆ.

"ದೊಡ್ಡೋಳು ನೀನು. ನೀನು ಹುಡುಕ್ಬೇಕಿತ್ತು!"

ಹುಟ್ಟಿದಂದಿನಿಂದ ಬಾಕಿಯಿದ್ದ ಜಗಳವನ್ನು ಗೇಟಿನಲ್ಲೇ ಮುಗಿಸಿ, ಇಬ್ಬರೂ ಕೈಕೈ ಹಿಡಿದು ಅತ್ತರು. ಹೆಂಡತಿಯೂ ಅತ್ತಳು. ನಾನು ಕಾರಿನ ಟೈರು ಪರೀಕ್ಷಿಸುವವನಂತೆ ಬಗ್ಗಿ ಕಣ್ಣೊರೆಸಿಕೊಂಡೆ.

ಸುಮ್ಮನೆ ನೋಡಿಕೊಂಡು ಹೋಗಲು ಬಂದ ಚಿಕ್ಕತ್ತೆ ಇನ್ನೂ ಹೋಗಿಲ್ಲ. ನನ್ನ ಕಂಪ್ಯೂಟರಿನ ಕೋಣೆ ಅವರ ಪಾಲಾಗಿ, ಇತಿಹಾಸ ಇಸ್ತ್ರಿ ಮೇಜಿಗೆ ವರ್ಗವಾಗಿದೆ. ಅತ್ತೆ ಹಾಕುವ ಷರಾಕ್ಕೆ ಈಗ ಸ್ಥಳದಲ್ಲೇ ಅನುಮೋದನೆ. ಲೋಕದ ಅಳಿಯಂದಿರು ಇರುವ ಅತ್ತೆಗೇ ಹೆದರುತ್ತಾರೆ. ಇಲ್ಲದ ಅತ್ತೆಯನ್ನು ಪತ್ತೆಹಚ್ಚಿ ತಂದವನು ಬಹುಶಃ ನಾನೊಬ್ಬನೇ. ಸುಳ್ಳೇಕೆ, ಮನೆಯಲ್ಲಿ ನಗುವಿಗೂ ಕೊರತೆಯಿಲ್ಲ.

ನಿನ್ನೆ ಇಬ್ಬರೂ ನನ್ನ ಎಡಬಲಕ್ಕೆ ಕುರ್ಚಿ ಎಳೆದುಕೊಂಡು ಕೂತರು.

"ಅಳಿಯಂದಿರೇ, ನಮ್ಮಪ್ಪನಿಗೊಬ್ಬ ತಮ್ಮ ಇದ್ದ. ಊರು ಬಿಟ್ಟು ಹೋದ," ಎಂದರು ಅತ್ತೆ.

"ಅವನಿಗೆ ಬರೀ ಹೆಣ್ಣುಮಕ್ಕಳಂತೆ. ಎಲ್ಲಾದ್ರೂ ಇದ್ದೇ ಇರ್ತಾರೆ. ಹುಡುಕಿ," ಎಂದರು ಚಿಕ್ಕತ್ತೆ.

"ಎ... ಎಷ್ಟು ಹೆಣ್ಣುಮಕ್ಕಳು?"

"ಅದನ್ನೂ ನೀವೇ ಹುಡುಕ್ಬೇಕಪ್ಪ."

"ರೀ," ಅಡುಗೆಮನೆಯಿಂದ ಹೆಂಡತಿ ಕೂಗಿದಳು, "ಇನ್ನೆರಡು ಮಂಚಕ್ಕೆ ಹೇಳಿಡ್ಲಾ?"

ನಾನು ಮುಂದಿನ ಪುಟ ತೆರೆದೆ.