ಅಲ್ಬೇನಿಯಾಕ್ಕೆ ಹೋದ ಊಟದ ಡಬ್ಬಿ

ನಮ್ಮ ಸೋದರತ್ತೆಗೆ ಯಾರೂ ಪಾತ್ರೆಯಲ್ಲಿ ಏನನ್ನೂ ಕೊಡಬಾರದು. ಕೊಟ್ಟಿರೋ, ಕೆಟ್ಟಿರಿ! ಒಂದು ಸೌಟು ಪಲ್ಯ ಕೊಟ್ಟರೂ ಸಾಕು, ನಿಮ್ಮ ಪಾತ್ರೆ ಫಳಫಳ ತೊಳೆಸಿಕೊಂಡು, ಪಲ್ಯದ ನಾಲ್ಕು ಪಟ್ಟು ಇನ್ನೇನನ್ನೋ ತುಂಬಿಕೊಂಡು, ಮಾರನೆಯ ದಿನವೇ ನಿಮ್ಮ ಬಾಗಿಲಲ್ಲಿ ಹಾಜರಾಗುತ್ತದೆ. ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಎನ್ನುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಪದ್ಧತಿಯೇ, ನಿಜ. ಉಳಿದವರು ಒಂದು ಚಮಚ ಸಕ್ಕರೆ ಹಾಕಿ ಕೊಟ್ಟು ಸುಮ್ಮನಾಗುತ್ತಾರೆ. ನಮ್ಮತ್ತೆಗೆ ಮಾತ್ರ ಅದು, ಬೈಬಲಿನ ಮೋಶೆ ದೇವರ ಹತ್ತು ಆಜ್ಞೆಗಳನ್ನು ಬೆಟ್ಟದಿಂದ ಇಳಿಸುವಾಗ ಮರೆತುಬಂದ ಹನ್ನೊಂದನೆಯದು.

ಅತ್ತೆ ನನ್ನಪ್ಪನ ತಂಗಿ. ಹುಟ್ಟಿ ಬೆಳೆದದ್ದು ಮೈಸೂರು, ನರ್ಸ್ ಆಗಿ ದುಡಿದು ನಿವೃತ್ತಿಯಾದದ್ದು ನ್ಯೂಜೆರ್ಸಿ. ಬ್ರಿಡ್ಜ್‌ವಾಟರ್‌ನಲ್ಲಿ ಒಬ್ಬರೇ ಇದ್ದಾರೆ. ಪಿಸ್ಕಾಟವೇಯಿಂದ ನಾನು ವಾರಕ್ಕೆರಡು ಸಲ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ನನ್ನ ಅಡುಗೆಮನೆಯ ಅರ್ಧ ಪಾತ್ರೆಗಳು ಕಾರಿನ ಹಿಂದಿನ ಸೀಟಿನಲ್ಲೇ ಸಂಸಾರ ಮಾಡುತ್ತಿರುವುದು ಈ ಕಾರಣಕ್ಕೆ.

ಒಮ್ಮೆ ಅವರ ಪಕ್ಕದ ಮನೆಯ ಅಮೆರಿಕನ್ ದಂಪತಿ ಸೇಬಿನ ಪೈ ಕೊಟ್ಟರು. ಅದಿದ್ದದ್ದು ತಿಂದು ಬಿಸಾಡುವ ಅಲ್ಯುಮಿನಿಯಂ ತಟ್ಟೆಯಲ್ಲಿ. ಬಿಸಾಡುವುದೆಂದರೇನೆಂದು ಗೊತ್ತಿಲ್ಲದ ನಮ್ಮತ್ತೆ ಅದನ್ನು ತೊಳೆದು, ಕೇಸರಿಬಾತ್ ತುಂಬಿ ಹಿಂದಿರುಗಿಸಿದರು. ಪಾಪ, ಅವರೂ ಮರ್ಯಾದಸ್ಥರು. ಕುಕೀ ತುಂಬಿ ಕಳಿಸಿದರು. ಇವರು ಕೋಡುಬಳೆ, ಅವರು ಬಾಳೆಹಣ್ಣಿನ ಬ್ರೆಡ್. ಆ ತಟ್ಟೆ ನುಗ್ಗಾಗಿ, ಅಂಚು ಹರಿದು, ಆಕಾರ ಕಳೆದುಕೊಂಡರೂ ಇಡೀ ಚಳಿಗಾಲ ಆಚೀಚೆ ಓಡಾಡಿತು. ವಸಂತ ಬರುವುದರೊಳಗೆ ಅವರು ಮನೆ ಮಾರಿ ಫ್ಲೋರಿಡಾಕ್ಕೆ ಹೋದರು. ಮೊಮ್ಮಕ್ಕಳ ಹತ್ತಿರ ಇರಲಿಕ್ಕೆ ಎಂದರಂತೆ. ನನಗೇನೋ ಬೇರೆಯೇ ಗುಮಾನಿ.

ಹೆಚ್ಚೇಕೆ, ಪರೀಕ್ಷೆಗೆಂದು ಲ್ಯಾಬಿನವರು ಕೊಟ್ಟ ಪುಟ್ಟ ಡಬ್ಬಿಯನ್ನೂ ಅತ್ತೆ ಖಾಲಿ ಹಿಂದಿರುಗಿಸಿದವರಲ್ಲ. ಆ ವಿಷಯ ಇಲ್ಲಿಗೇ ಬಿಡೋಣ.

ಇಂಥ ಅತ್ತೆ ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಮಿಷನರಿಯಾಗಲು ಹೊರಟರು! ಅವರ ಚರ್ಚಿನಿಂದ ಪ್ರತಿ ಬೇಸಿಗೆ ಒಂದು ತಂಡ ಅಲ್ಬೇನಿಯಾದ ಗುಡ್ಡಗಾಡಿನ ಊರೊಂದಕ್ಕೆ ಹೋಗುತ್ತದೆ. ಅಲ್ಲಿನ ಪುಟ್ಟ ಚರ್ಚಿಗೆ ಬಣ್ಣ ಬಳಿಯುವುದು, ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸುವುದು, ಊರವರಿಗೆ ಎರಡು ಒಳ್ಳೆಯ ಮಾತು ಹೇಳಿ ಒಂದು ಪುಸ್ತಿಕೆ ಕೊಡುವುದು, ಇಷ್ಟು ಕೆಲಸ. ಮಾವ ತೀರಿಕೊಂಡು ಆಗಿನ್ನೂ ಒಂದೇ ವರ್ಷ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ನಾನು ಕೇಳಿದೆ.

"ನಮ್ಮನೆಗೆ ಬೈಬಲ್ ತಂದುಕೊಟ್ಟವರು ಯಾರು ಹೇಳು?" ಎಂದರು.

"ಯೂರೋಪಿನ ಪಾದ್ರಿಗಳು. ತಾತನ ತಾತನ ಕಾಲದಲ್ಲಿ."

"ಅವತ್ತಿಂದ ಅವರ ಪಾತ್ರೆ ನಮ್ಮಲ್ಲೇ ಕೂತಿದೆ. ಒಬ್ಬರಾದ್ರೂ ವಾಪಸ್ ಕೊಟ್ರಾ?"

ಧರ್ಮಪ್ರಚಾರದ ಬಗ್ಗೆ ದೊಡ್ಡ ದೊಡ್ಡವರ ಪ್ರವಚನ ಕೇಳಿದ್ದೇನೆ, ಇಷ್ಟು ಸರಳ ವಿವರಣೆ ಕೇಳಿರಲಿಲ್ಲ. ಪಾದ್ರಿಗಳು ಬಂದದ್ದು ಯೂರೋಪಿನ ಇನ್ನೊಂದು ಮೂಲೆಯಿಂದ, ಅಲ್ಬೇನಿಯಾದಿಂದಲ್ಲ ಎಂದು ನೆನಪಿಸಿದೆ. "ಒಂದೇ ಬೀದಿಯೋರು ಬಿಡು, ತಲುಪಿಸ್ತಾರೆ" ಎಂದರು. ಒಬ್ಬರನ್ನೇ ಕಳಿಸಲು ಧೈರ್ಯ ಸಾಲದೆ ಹನ್ನೆರಡು ವರ್ಷದ ಮಗಳನ್ನು ಕಟ್ಟಿಕೊಂಡು ನಾನೂ ಹೊರಟೆ. ರಜೆ ಇಲ್ಲವೆಂದು ನನ್ನ ಗಂಡ ಬರಲಿಲ್ಲ. ರಜೆ ಇತ್ತು, ಪ್ರವಾಸದ ಪಟ್ಟಿಯಲ್ಲಿ ಬಣ್ಣ ಬಳಿಯುವ ಕೆಲಸವೂ ಇತ್ತು.

ನೂವರ್ಕ್ ವಿಮಾನ ನಿಲ್ದಾಣದಲ್ಲಿ ಅತ್ತೆಯ ಕೈಚೀಲ ತೆಗೆಸಿದರು. ಒಳಗೆ ಸ್ಟೀಲ್ ಡಬ್ಬಿ, ಅದರೊಳಗೆ ಡಬ್ಬಿ, ಅದರೊಳಗೆ ಇನ್ನೊಂದು. ತಪಾಸಣೆಯ ಅಧಿಕಾರಿ ಬಿಚ್ಚುತ್ತಾ ಬಿಚ್ಚುತ್ತಾ ಸುಸ್ತಾದ. ಕೊನೆಯದರಲ್ಲಿ ಚಕ್ಕುಲಿ ಇತ್ತು. ಅತ್ತೆ ಒಂದನ್ನು ತೆಗೆದು ಅವನ ಕಡೆಗೆ ಚಾಚಿದರು. ತೆಗೆದುಕೊಳ್ಳುವ ಹಾಗಿಲ್ಲ ಎಂದ. "ಡ್ಯೂಟಿ ಮುಗಿದ್ಮೇಲೆ ತಿನ್ನಪ್ಪ" ಎಂದು ಅಚ್ಚ ಕನ್ನಡದಲ್ಲಿ ಹೇಳಿ ಅವನ ಟ್ರೇಯಲ್ಲೇ ಇಟ್ಟು ನಡೆದರು. "ಅಮ್ಮಾ, ಐ ಡೋಂಟ್ ನೋ ದೀಸ್ ಪೀಪಲ್" ಎಂದು ನನ್ನ ಮಗಳು ನನ್ನಿಂದಲೂ ನಾಲ್ಕು ಹೆಜ್ಜೆ ದೂರ ಸರಿದಳು.

ಎಲ್ಲಕ್ಕಿಂತ ಹೊರಗಿನ ದೊಡ್ಡ ಡಬ್ಬಿಯ ವಿಷಯ ಹೇಳಬೇಕು. ಅದು ಮಾವನ ಊಟದ ಡಬ್ಬಿ. ಮದುವೆಯಾದ ಹೊಸತರಲ್ಲಿ ಮೈಸೂರಿನ ಪಾತ್ರೆ ಅಂಗಡಿಯಲ್ಲಿ ಕೊಂಡು, ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ "ಜಯರಾಜ್" ಎಂದು ಹೆಸರು ಕೊರೆಸಿದ್ದು. ಬ್ರಿಡ್ಜ್‌ವಾಟರ್‌ನ ಔಷಧ ಕಂಪನಿಗೆ ಮಾವ ಮೂವತ್ತು ವರ್ಷ ಇದೇ ಡಬ್ಬಿಯಲ್ಲಿ ಊಟ ಒಯ್ದರು. ಅವರು ಹೋದ ಮೇಲೆ ಅತ್ತೆ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಪ್ರಯಾಣದಲ್ಲಿ ಬೇರೆ ಡಬ್ಬಿಗಳೆಲ್ಲ ಅದರೊಳಗೆ, ಊರು ತಲುಪಿದ ಮೇಲೆ ಅವರ ಮಾತ್ರೆಗಳು ಅದರೊಳಗೆ.

ಅಲ್ಬೇನಿಯಾದ ಆ ಊರಿನಲ್ಲಿ ನಮ್ಮನ್ನು ಇಳಿಸಿದ್ದ ಮನೆಯ ಪಕ್ಕದಲ್ಲಿ ಫಾತ್ಮೀರೆ ಎಂಬ ವಿಧವೆ ಇದ್ದರು. ಅತ್ತೆಯ ವಯಸ್ಸೇ, ತಲೆಗೆ ಬಿಳಿ ವಸ್ತ್ರ, ಮುಸ್ಲಿಂ ಮನೆತನ. ಅತ್ತೆ ತಮ್ಮ ಪಾಲಿನ ಸುವಾರ್ತೆ ಸಾರುವ ಕೆಲಸವನ್ನು ಅಲ್ಲಿಂದಲೇ ಶುರು ಮಾಡಿದರು. ಒಳಗಿನ ಸಣ್ಣ ಡಬ್ಬಿಯೊಂದರಲ್ಲಿ ಚಿತ್ರಾನ್ನ, ಡಬ್ಬಿಯ ಕೆಳಗೆ ಪುಸ್ತಿಕೆ. ಫಾತ್ಮೀರೆ ಎರಡನ್ನೂ ಎರಡು ಕೈಯಲ್ಲಿ ತೆಗೆದುಕೊಂಡರು. ಪುಸ್ತಿಕೆ ಅವರ ಕಿಟಕಿಯ ಬಳಿ ಮರ್ಯಾದೆಯಿಂದ ಕೂತಿತು. ಡಬ್ಬಿ ಮಾರನೆಯ ಬೆಳಗ್ಗೆ ವಾಪಸ್ ಬಂತು. ತೆಗೆದು ನೋಡಿದರೆ ಪದರ ಪದರ ಹಿಟ್ಟಿನ ನಡುವೆ ಸೊಪ್ಪು ತುಂಬಿ ಬೇಯಿಸಿದ ತಿಂಡಿ, ಇನ್ನೂ ಬಿಸಿ!

ಅತ್ತೆಯ ಮುಖ ನೋಡಬೇಕಿತ್ತು. ಜೀವಮಾನವಿಡೀ ಎದುರಾಳಿಯೇ ಇಲ್ಲದೆ ಆಡಿದ ಕುಸ್ತಿಪಟುವಿಗೆ ಕೊನೆಗೂ ಜೋಡಿ ಸಿಕ್ಕಿತ್ತು. ಉಪ್ಪಿಟ್ಟು ಹೋಯಿತು, ಅಕ್ಕಿ ತುಂಬಿದ ದೊಣ್ಣಮೆಣಸಿನಕಾಯಿ ಬಂತು. ಕಡಲೆಬೇಳೆ ಪಾಯಸ ಹೋಯಿತು, ಸಕ್ಕರೆ ಪಾಕದಲ್ಲಿ ಮುಳುಗಿದ ಅಂಜೂರ ಬಂತು. ಒಂದು ದಿನ ಬಾಟಲಿಯಲ್ಲಿ ರಾಕಿ ಎಂಬ ಮನೆಯಲ್ಲಿ ಕಾಯಿಸಿದ ಸಾರಾಯಿಯೂ ಬಂತು. ಅತ್ತೆ ಜನ್ಮದಲ್ಲಿ ಮದ್ಯ ಮುಟ್ಟಿದವರಲ್ಲ. ಫಾತ್ಮೀರೆ ತಮ್ಮ ಮಂಡಿಗೆ ಉಜ್ಜಿ ತೋರಿಸಿದ ಮೇಲೆ ಔಷಧಿ ಎಂದು ಇಟ್ಟುಕೊಂಡರು. ಎರಡು ದಿನದಲ್ಲಿ ಬಾಟಲಿ ಅರ್ಧಕ್ಕಿಳಿಯಿತು. ಮಂಡಿ ಅಷ್ಟೊಂದು ಹೀರುತ್ತದೆಯೇ ಎಂದು ನಾನು ಕೇಳಲಿಲ್ಲ. ಬಾಟಲಿ ಖಾಲಿಯಾದದ್ದೇ ಒಗ್ಗರಣೆ ಹಾಕಿದ ಮಜ್ಜಿಗೆ ತುಂಬಿಕೊಂಡು ಹಿಂದಿರುಗಿತು.

ಪ್ರತಿ ಸಂಜೆ ತಂಡದವರೆಲ್ಲ ಕೂತು ಆ ದಿನದ ವರದಿ ಒಪ್ಪಿಸಬೇಕು. ಮುಂದಾಳು ಒಬ್ಬ ಅಮೆರಿಕನ್ ಹೆಂಗಸು, ಕೈಯಲ್ಲಿ ಸದಾ ಕಾಗದ ಸಿಕ್ಕಿಸಿದ ಹಲಗೆ. ಇಲ್ಲಿಯವರೆಗೆ ಎಷ್ಟು ಜನರೊಂದಿಗೆ ದೇವರ ಮಾತು ಹಂಚಿಕೊಂಡಿರಿ ಎಂದು ಅತ್ತೆಯನ್ನು ಕೇಳಿದಳು.

"ಒಬ್ಬರ ಜೊತೆ. ಎಂಟು ಸಲ."

"ವಂಡರ್‌ಫುಲ್! ಬೈಬಲಿನ ಯಾವ ವಚನ?"

"ಚಿತ್ರಾನ್ನ," ಎಂದರು ಅತ್ತೆ.

ಆಕೆ ಬಹಳ ಹೊತ್ತು ಯೋಚಿಸಿ ಏನೋ ಬರೆದುಕೊಂಡಳು. ಏನು ಬರೆದಿರಬಹುದು ಎಂದು ಇವತ್ತಿಗೂ ನನಗೆ ಕುತೂಹಲ.

ಅತ್ತೆಯ ಭಾಷೆ ಫಾತ್ಮೀರೆಗೆ ಬಾರದು, ಫಾತ್ಮೀರೆಯದು ಅತ್ತೆಗೆ ಬಾರದು. ಮಧ್ಯಾಹ್ನವೆಲ್ಲ ಫಾತ್ಮೀರೆಯ ದ್ರಾಕ್ಷಿ ಚಪ್ಪರದ ಕೆಳಗೆ ಇವರು ಕನ್ನಡದಲ್ಲಿ, ಅವರು ಅಲ್ಬೇನಿಯನ್‌ನಲ್ಲಿ ಮಾತಾಡುತ್ತಲೇ ಇರುತ್ತಿದ್ದರು. "ಹೌ ಆರ್ ದೇ ಈವನ್ ಟಾಕಿಂಗ್?" ಎಂದು ಮಗಳು ಕೇಳಿದಳು. ಒಂದು ದಿನ ಮಾತ್ರೆ ತೆಗೆದುಕೊಳ್ಳುವಾಗ ಅತ್ತೆ ಮುಚ್ಚಳದ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿ, ಅದೇ ಬೆರಳನ್ನು ಆಕಾಶಕ್ಕೆ ಎತ್ತಿದ್ದು ನನಗೆ ಕಾಣಿಸಿತು. ಫಾತ್ಮೀರೆ ಎದ್ದು ಒಳಗೆ ಹೋಗಿ ಗೋಡೆಯಲ್ಲಿದ್ದ ಗಂಡನ ಫೋಟೋ ತಂದು ಅತ್ತೆಯ ಮಡಿಲಲ್ಲಿಟ್ಟರು.

ಹೊರಡುವ ಬೆಳಗ್ಗೆ ಆದದ್ದು ಹೀಗೆ. ಸಾಮಾನೆಲ್ಲ ವ್ಯಾನ್ ಏರಿಯಾಗಿತ್ತು, ಬೇರೆ ಡಬ್ಬಿಗಳೆಲ್ಲ ಸೂಟ್‌ಕೇಸ್ ಸೇರಿದ್ದವು. ಆಗ ಫಾತ್ಮೀರೆ ದಾರಿಗೆ ಬುತ್ತಿ ತಂದರು, ಬಟ್ಟೆಯಲ್ಲಿ ಕಟ್ಟಿದ ದೊಡ್ಡ ಗಂಟು. ಬರಿಗೈಯಲ್ಲಿ ಕಳಿಸುವುದುಂಟೇ? ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದ. ಅತ್ತೆ ಕೈಗೆ ಸಿಕ್ಕ ಡಬ್ಬಿಯ ಮಾತ್ರೆಗಳನ್ನು ಬ್ಯಾಗಿಗೆ ಸುರಿದು, ಉಳಿದಿದ್ದ ರವೆ ಉಂಡೆಗಳನ್ನು ಅದಕ್ಕೆ ತುಂಬಿ, ಫಾತ್ಮೀರೆಯ ಕೈಗಿಟ್ಟು, ಅತ್ತು, ತಬ್ಬಿ, ವ್ಯಾನ್ ಹತ್ತಿದರು. ಬಿ.ಪಿ. ಮಾತ್ರೆಯ ಹೊತ್ತಾಗಿ ಬ್ಯಾಗಿಗೆ ಕೈ ಹಾಕಿದಾಗ ನಾವು ವಿಮಾನ ನಿಲ್ದಾಣದಲ್ಲಿದ್ದೆವು. ಬಿಡಿ ಮಾತ್ರೆಗಳು ಸಿಕ್ಕವು, ಡಬ್ಬಿ ಇರಲಿಲ್ಲ.

"ಅವರ ಹೆಸರಿತ್ತು ಕಣೇ ಅದರ ಮೇಲೆ," ಎಂದರು.

ಅಲ್ಲಿನ ಚರ್ಚಿಗೆ ಹೇಳಿ ಕೊರಿಯರ್ ಮಾಡಿಸುತ್ತೇನೆ ಎಂದು ಎಷ್ಟು ಸಲ ಹೇಳಿದೆನೋ. "ಕೊಟ್ಟ ಪಾತ್ರೆ ಕೇಳಿ ಇಸ್ಕೊಳೋದುಂಟಾ? ಅವಳು ಏನಂದ್ಕೋಬೇಕು?" ಎಂದು ಬಾಯಿ ಮುಚ್ಚಿಸಿದರು. ನಾನು ಆಗ ನಕ್ಕಿದ್ದೆ, ಈಗ ಒಪ್ಪಿಕೊಳ್ಳುತ್ತೇನೆ. ಒಂದು ಡಬ್ಬಿಗಾಗಿ ಇಷ್ಟು ಕೊರಗೇ ಎಂದುಕೊಂಡೆ. ಆ ಶರತ್ಕಾಲದಲ್ಲಿ ಡಾಕ್ಟರು ಅವರ ಹೃದಯದ ಕವಾಟ ಬದಲಿಸಬೇಕು, ತಡ ಮಾಡಬಾರದು ಎಂದರು. ಅತ್ತೆ ಇವತ್ತು ನಾಳೆ ಎನ್ನುತ್ತಾ ಮುಂದೂಡಿದರು. ಅಂಥ ರೋಗಿಗಳನ್ನು ಮೂವತ್ತು ವರ್ಷ ನೋಡಿಕೊಂಡವರು, ಮುಂದೂಡಿದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು. "ಎಲ್ಲ ನೋಡಾಯ್ತು, ಇನ್ನೇನಿದೆ" ಎಂದರು. ನಾನು ಬೈದೆ, ಬೇಡಿಕೊಂಡೆ, ಮಗಳ ಕೈಲಿ ಹೇಳಿಸಿದೆ. ಏನೂ ನಡೆಯಲಿಲ್ಲ.

ಜನವರಿಯಲ್ಲಿ ಒಂದು ದಿನ ನಾನು ಕೊಟ್ಟಿದ್ದ ಸಾರಿನ ಪಾತ್ರೆಯನ್ನು ಹಿಂದಿರುಗಿಸಿದರು. ಕಾರಿನಲ್ಲಿ ಕೂತು ಮುಚ್ಚಳ ತೆಗೆದೆ. ಖಾಲಿ. ಒಂದು ಚಮಚ ಸಕ್ಕರೆಯೂ ಇರಲಿಲ್ಲ. ಡಾಕ್ಟರು ಹೇಳಿದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಅವರ ಡ್ರೈವ್‌ವೇಯಲ್ಲೇ ಗಾಡಿ ನಿಲ್ಲಿಸಿಕೊಂಡು ಅತ್ತುಬಿಟ್ಟೆ.

ಫೆಬ್ರವರಿಯ ಒಂದು ಶನಿವಾರ, ನಾನು ಅತ್ತೆಯ ಮನೆಯಲ್ಲಿದ್ದಾಗ ಕರೆಗಂಟೆ ಸದ್ದಾಯಿತು. ಹೊರಗೆ ಹಿಮ. ಬಾಗಿಲಲ್ಲಿ ನಲವತ್ತರ ಹೆಂಗಸು, ಕೈಯಲ್ಲಿ ಬಟ್ಟೆಯ ಗಂಟು. ಹೆಸರು ಅರ್ತಾ, ಫಾತ್ಮೀರೆಯ ಮಗಳು. ಬ್ರಾಂಕ್ಸ್‌ನಲ್ಲಿ ಅವರ ಊರಿನವರು ಬೇಕಾದಷ್ಟು ಜನ ಇದ್ದಾರಂತೆ, ಆಕೆಯೂ ಅಲ್ಲೇ ಇರುವುದಂತೆ. ಊರಿಂದ ಬಂದ ಸಂಬಂಧಿಕರ ಕೈಯಲ್ಲಿ ಅಮ್ಮ ಇದನ್ನು ಕಳಿಸಿದ್ದಾರೆ, ವಿಳಾಸ ಚರ್ಚಿನವರು ಕೊಟ್ಟರು ಎಂದಳು. ಅಮ್ಮ ದಿನಕ್ಕೆರಡು ಸಲ ಫೋನ್ ಮಾಡಿ "ತಲುಪಿಸಿದೆಯಾ" ಎಂದು ಜೀವ ತಿನ್ನುತ್ತಿದ್ದಾರೆ, ಅದಕ್ಕೇ ಹಿಮವಿದ್ದರೂ ಡ್ರೈವ್ ಮಾಡಿಕೊಂಡು ಬಂದೆ ಎಂದು ನಕ್ಕಳು.

ಗಂಟು ಬಿಚ್ಚಿದರೆ ಮಾವನ ಡಬ್ಬಿ. ಒಳಗೆ ಅಂಚಿನವರೆಗೂ ಅಕ್ರೋಟು, ಮೇಲೊಂದು ಹಿಡಿ ಗುಡ್ಡದ ಚಹಾ ಸೊಪ್ಪು. ಅತ್ತೆ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಜಯರಾಜ್" ಇತ್ತು. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ, ಸೊಟ್ಟಗೆ, ಒಂದು ಚುಕ್ಕಿ ದೊಡ್ಡದು ಒಂದು ಸಣ್ಣದು, ಇನ್ನೊಂದು ಹೆಸರು: ಅಗಿಮ್.

"ನಮ್ಮಪ್ಪನ ಹೆಸರು," ಎಂದಳು ಅರ್ತಾ ಇಂಗ್ಲಿಷಿನಲ್ಲಿ. "ನಿಮ್ಮ ಗಂಡನ ಡಬ್ಬಿಯನ್ನು ನೀವು ಬೇಕೆಂದೇ ಕೊಟ್ಟುಹೋದಿರಿ ಎಂದು ಅಮ್ಮ ಅಂದುಕೊಂಡಳು. ಅಂಥದ್ದಕ್ಕೆ ಏನು ತುಂಬಿ ವಾಪಸ್ ಕೊಡುವುದು ಎಂದು ತಿಂಗಳುಗಟ್ಟಲೆ ಯೋಚಿಸಿದಳಂತೆ. ಕೊನೆಗೆ ಮೊಳೆ, ಸುತ್ತಿಗೆ ಹಿಡಿದು ತಾನೇ ಕೂತು ಬರೆದಳು. ಬರೆದ ಮೇಲೆ ನಿಮ್ಮ ಪಾತ್ರೆ ಹಾಳು ಮಾಡಿದೆನೇನೋ ಎಂದು ಹೆದರಿಕೊಂಡಿದ್ದಾಳೆ."

ಅತ್ತೆ ಎರಡು ಹೆಸರುಗಳ ಮೇಲೂ ಬೆರಳಾಡಿಸಿದರು. ಮುಚ್ಚಳವನ್ನು ಎದೆಗೊತ್ತಿಕೊಂಡರು. ಆಮೇಲೆ ನೇರ ಅಡುಗೆಮನೆಗೆ ಹೋದರು. ಐದು ನಿಮಿಷಕ್ಕೆ ತುಪ್ಪದಲ್ಲಿ ರವೆ ಹುರಿಯುವ ಘಮ ಬಂತು. ಎಷ್ಟು ತಿಂಗಳಾಗಿತ್ತು ಆ ಮನೆಯಲ್ಲಿ ಆ ಘಮ ಬಂದು!

ಉಂಡೆ ಕಟ್ಟಿ ಮುಗಿಸಿ ತುಂಬಲು ಮಾವನ ಡಬ್ಬಿಯನ್ನೇ ಎಳೆದುಕೊಂಡರು.

"ಅತ್ತೆ, ಅದು ಬೇಡ. ಬೇರೆ ಡಬ್ಬಿ ಕೊಡ್ತೀನಿ ಇರಿ," ಎಂದೆ.

"ಸುಮ್ನಿರೇ, ನಿಂಗೊತ್ತಾಗಲ್ಲ."

ತುಂಬಿ, ಮುಚ್ಚಳ ಒತ್ತಿ, ಅದೇ ಬಟ್ಟೆಯಲ್ಲಿ ಗಂಟು ಕಟ್ಟಿ ಅರ್ತಾಳ ಕೈಗಿಟ್ಟರು. ಅಮ್ಮನಿಗೇ ತಲುಪಬೇಕು ಎಂದು ಮೂರು ಸಲ ಹೇಳಿದರು. ಅವಳ ಕಾರು ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ.

"ಅಷ್ಟು ಕೊರಗಿದ್ರಿ ಅದಕ್ಕೋಸ್ಕರ. ಕೈಗೆ ಬಂದಿದ್ದನ್ನ ಮತ್ತೆ ಕೊಟ್ಬಿಟ್ರಲ್ಲ, ಅತ್ತೆ?"

"ಕೊಟ್ರೆ ಏನಾಯ್ತು, ಅವಳು ಇಟ್ಕೊಳ್ಳೋಳಲ್ಲ. ಮುಂದಿನ ವರ್ಷನೋ, ಅದರ ಮುಂದಿನ ವರ್ಷನೋ ತುಂಬ್ಕೊಂಡು ಬರತ್ತೆ." ಬಾಗಿಲು ಹಾಕಿ, ತುಪ್ಪದ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡರು. "ಬಂದಾಗ ಬಾಗಿಲು ತೆಗೆಯೋಕೆ ನಾನು ಇರಬೇಡ್ವಾ? ಆ ಡಾಕ್ಟರಿಗೆ ಫೋನ್ ಮಾಡಿ ಆಪರೇಷನ್ ಯಾವತ್ತು ಇಟ್ಕೋತಾರೆ ಕೇಳು."