ಚದುರಂಗದ ಮಣಿ

ಭಾನುವಾರ ಬೆಳಿಗ್ಗೆ ಗಾಳಿ ಒಮ್ಮೆ ಜೋರಾಗಿ ಬೀಸಿದ್ದೇ ತಡ, ಪ್ಲಾಸ್ಟಿಕ್ ಹಾಳೆಯ ಚದುರಂಗ ಮುರಿಗೆವ್ವನ ಕಟ್ಟೆಯಿಂದ ಹಾರಿ, ವಜೀರ ಸೀದಾ ಗಟಾರಕ್ಕೆ ಬಿದ್ದ. ಸೌಭಾಗ್ಯ ಬಿದ್ದು ಬಿದ್ದು ನಕ್ಕಳು.

"ಸರ, ಒಂದ ಛಲೋ ಕಟಿಗಿ ಮಣಿ ತರ್ರಿ. ಜೀವನಪೂರ್ತಿ ಆಡಬಹುದು."

ಹೇಳಿದವಳು ಹೇಳಿ, ಮಾಳಿಗೆ ಮೇಲಿನ ತನ್ನ ಬಾಡಿಗೆ ಕೋಣೆಗೆ ಹೋದಳು. ಅವಳ ಜೋಡಿ ಆಡುತ್ತಿದ್ದ ಎದುರು ಮನೆಯ ಶ್ರೀಶೈಲ ಮಾತ್ರ ಕೂತಲ್ಲೇ ಕೂತ. ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಈ ಮನುಷ್ಯನಿಗೆ ನಲವತ್ತು ಹತ್ತಿರವಾದರೂ ಮದುವೆಯಿಲ್ಲ. ಪ್ರತಿ ಭಾನುವಾರ ಆಟ ಮುಗಿಯುವುದರೊಳಗೆ ಅವಳಿಗೆ ಮನಸ್ಸಿನ ಮಾತು ಹೇಳಿಬಿಡಬೇಕೆಂದು ಬರುತ್ತಿದ್ದ. ಸೋತು ಎದ್ದು ಹೋಗುತ್ತಿದ್ದ. ಈಗ 'ಜೀವನಪೂರ್ತಿ' ಎಂಬ ಮಾತು ಎದೆಗೆ ಅಂಟಿಕೊಂಡಿತು. ಸಂಜೆಯೊಳಗೆ ಕಟ್ಟಿಗೆಯ ಚದುರಂಗದ ಮಣೆ ತರಬೇಕು, ಅದರ ಮುಂದೆ ಕೂತು ಕೇಳಿಯೇಬಿಡಬೇಕು.

ಅಲ್ಲಿಂದಲೇ ಸೊಲ್ಲಾಪುರ ರಸ್ತೆಯ ಬಡಿಗ ಯಾಸೀನನಿಗೆ ಫೋನ್ ಹಚ್ಚಿದ. ಅತ್ತ ಕಡೆ ಕಟ್ಟಿಗೆ ಕೊಯ್ಯುವ ಯಂತ್ರದ ಅರಚಾಟ.

"ಚದುರಂಗದ್ದರಿ! ಮಣಿ, ಮಣಿ! ಇಬ್ಬರು ಕುಂದರೂದೈತಿ!"

ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಮನೆಯೊಡತಿ ಮುರಿಗೆವ್ವನ ಕಿವಿ ಮಂದ; ಬೇಕಾದ್ದು ಮಾತ್ರ ಚೆನ್ನಾಗಿ ಕೇಳುತ್ತದೆ. ಅವಳಿಗೆ ಕೇಳಿದ್ದು ಚೌರಂಗ, ಮಣಿ, ಇಬ್ಬರು. ಪೂಜೆಗೆ ದೇವರನ್ನಿಡುವ ಪೀಠ ಚೌರಂಗ, ಮದುವೆಯಲ್ಲಿ ಗಂಡುಹೆಣ್ಣು ಕೂರಲು ಮಣಿ. ಇನ್ನೇನು ಉಳಿಯಿತು?

"ಯಪ್ಪಾ, ಯಾರ ಜೋಡಿ ಕುಂದರತಿಯೋ?"

ಶ್ರೀಶೈಲ ನಾಚಿದ. "ಈಗ ಕೇಳಬ್ಯಾಡ ಬೇ. ಸಂಜಿಗೆ ಗೊತ್ತಾಕ್ಕೈತಿ."

ಅವನ ಸ್ಕೂಟರ್ ಓಣಿ ದಾಟುವ ಮೊದಲೇ ಹೆಂಗಸರ ಬಾಯಲ್ಲಿ ಮದುವೆ ಗಟ್ಟಿಯಾಗಿತ್ತು. ಊಟದ ಹೊತ್ತಿಗೆ ಹುಡುಗಿ ಅರಕೇರಿಯವಳೆಂದೂ, ರೊಟ್ಟಿ ಬಡಿಯುವುದರಲ್ಲಿ ಕೈ ಚುರುಕೆಂದೂ ತೀರ್ಮಾನವಾಯಿತು.

ಅಂಗಡಿಯಲ್ಲಿ, ಯಂತ್ರದ ಗದ್ದಲದಲ್ಲಿ ತಾನೂ ಹಾಗೇ ಕೇಳಿಸಿಕೊಂಡಿದ್ದ ಯಾಸೀನ ಹಿತ್ತಾಳೆ ಹೂವಿನ ಚೌರಂಗ ಒರೆಸಿ ಇಟ್ಟಿದ್ದ. "ಮುಬಾರಕ್ ಮಾಸ್ತರ!" ವಿಷಯ ತಿಳಿದ ಮೇಲೆ ಹೊಟ್ಟೆ ಹಿಡಿದು ನಕ್ಕು, ಅಟ್ಟದಿಂದ ಚದುರಂಗದ ಮಣೆಗಳನ್ನು ಇಳಿಸಿದ. ಮೊದಲನೆಯದನ್ನು ಶ್ರೀಶೈಲ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. ಹಪ್ಪಳದಂತೆ ಒಂದು ಮೂಲೆ ಎದ್ದಿತ್ತು. ಎರಡನೆಯದರ ಕಪ್ಪು ಉಗುರಿಗೇ ಕಿತ್ತು ಬಂತು.

"ಬಣ್ಣ ಬಳದದ್ದ ಬ್ಯಾಡ ಯಾಸೀನಭಾಯ್. ಕರೀ ಮನಿಗೆ ಕರೀ ಕಟಿಗಿನಽ ಕೂಡಿಸಿರಬೇಕು. ರಾಜಾ ನಿಂತ್ರ ಇಕ್ಕಟ್ಟ ಆಗಬಾರದು."

"ಹೆಣ್ಣ ನೋಡಾಕ ಹೋದಾವ್ರೂ ಇಷ್ಟ ನೋಡೂದಿಲ್ರೀ ಮಾಸ್ತರ!"

ಕಡೆಗೊಂದು ಸಿಕ್ಕಿತು. ಒಳ್ಳೆ ಅಗಲ, ಒಳ್ಳೆ ತೂಕ. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಎಲ್ಲಿಯೂ ಸಂದು ತಾಗುವುದಿಲ್ಲ. ಯೋಚಿಸುವಾಗ ಅವಳು ಈ ಅಂಚು ಹಿಡಿಯುತ್ತಾಳೆ, ಇಲ್ಲಿಂದ ಆನೆ ದೂಡುತ್ತಾಳೆ ಎಂದುಕೊಳ್ಳುತ್ತ ಇನ್ನೊಂದು ಸಲ ಪಾಲಿಶ್ ಹಚ್ಚಿಸಿ, ಒಣಗುವವರೆಗೂ ಪಕ್ಕದಲ್ಲೇ ಕೂತ. ಕಿಸೆಯಲ್ಲಿ ಫೋನ್ ಮೇಲಿಂದ ಮೇಲೆ ನಡುಗಿದರೂ ತೆಗೆಯಲಿಲ್ಲ. ಇಷ್ಟು ಆಸೆ ಅವನಿಗೆ ಜನ್ಮದಲ್ಲಿ ಯಾವುದರ ಮೇಲೂ ಹುಟ್ಟಿರಲಿಲ್ಲ.

ಸಂಜೆ ಬಂದರೆ ಕಟ್ಟೆಯ ತುಂಬ ಹೆಂಗಸರು. ಮುರಿಗೆವ್ವ ಅವನ ಬಾಯಿಗೆ ಸಕ್ಕರೆ ಹಾಕಿ, ಕೈಯಲ್ಲಿದ್ದುದನ್ನು ಕಸಿದು ಬಿಚ್ಚಿದಳು.

"ಇದೇನೋ, ನೆಲಕ್ಕ ಹಾಸೂ ಫರಸಿ ಕಲ್ಲ ಇದ್ದಂಗೈತಿ!"

"ಈಗಿಂದ ಡಿಜೈನ್ ಹಿಂಗಽ ಬೇ," ಎಂದಳು ಪಕ್ಕದ ಮನೆಯ ಪರಸವ್ವ.

ಅಷ್ಟರಲ್ಲಿ ಸೌಭಾಗ್ಯ ಮೆಟ್ಟಿಲಿಳಿದು ಬಂದಳು. ಇಳಕಲ್ ಸೀರೆ ಉಟ್ಟಿದ್ದಳು.

"ಭಾಳ ಖುಷಿ ಆತು ಸರ. ಅರಕೇರಿ ಹುಡುಗಿ ಅಂತಲ್ಲ." ಅವಳ ನಗು ಅರ್ಧಕ್ಕೆ ನಿಂತಿತು. "ನಂದೂ ಗಟ್ಟಿ ಆತ್ರಿ. ಟಿಕೋಟಾದ ಗಂಡಿನವರು ಭಾಳ ದಿನದಿಂದ ಕೇಳಾಕತ್ತಿದ್ರು. ನಾನಽ ಹೂಂ ಅಂದಿರಲಿಲ್ಲ. ಮಧ್ಯಾಹ್ನ ನಿಮ್ಮ ಸುದ್ದಿ ಕೇಳಿದ ಮ್ಯಾಲ ಅಂದ್‌ಬಿಟ್ಟೆ. ಕುಂಕುಮ ಹಚ್ಚಾಕ ಹೊಂಟಾರ."

"ಯಾವ ಹುಡುಗಿ?" ಎಂದ ಶ್ರೀಶೈಲ. "ನಾ ಚದುರಂಗದ ಮಣಿ ತರಾಕ ಹೋಗಿದ್ದೆ. ನೀವ ಹೇಳಿದ್ರಲ್ಲಾ..."

ಅವಳು ಮಣೆ ನೋಡಿದಳು, ಅವನನ್ನು ನೋಡಿದಳು.

"ಒಂದ ಮಾತ ಮೊದಲಽ ಹೇಳಬಾರದೇನ್ರಿ," ಎಂದಳು ಮೆಲ್ಲಗೆ.

ಓಣಿಯ ತುದಿಯಲ್ಲಿ ಟಿಕೋಟಾದ ಜೀಪು ಹಾರ್ನ್ ಹೊಡೆಯಿತು.

"ಅಯ್ಯ, ಬಂದಽ ಬಿಟ್ರು! ಹುಡುಗೀನ ಬರೇ ನೆಲದ ಮ್ಯಾಲ ಕುಂದರಸ್ತೀರೇನ?" ಮುರಿಗೆವ್ವ ಹೊಸ ಮಣೆಯನ್ನು ಪಡಸಾಲೆಯ ನಡುವೆ ಹಾಕಿ, ಸುತ್ತ ರಂಗೋಲಿ ಎಳೆದು, ಸೌಭಾಗ್ಯಳ ಭುಜ ಹಿಡಿದು ಅದರ ಮೇಲೆ ಕೂರಿಸಿದಳು. ಅವಳು ತಲೆ ಎತ್ತಲಿಲ್ಲ.

ಬಂದವರು ಕುಂಕುಮ ಹಚ್ಚಿದರು, ಉಡಿ ತುಂಬಿದರು. ಯಾರೋ ಶ್ರೀಶೈಲನ ಕೈಗೆ ಚಹಾದ ತಟ್ಟೆ ಕೊಟ್ಟರು. ತುಂಬಿದ ಕಣ್ಣಲ್ಲೇ ಅವನು ಟಿಕೋಟಾದವರಿಗೆಲ್ಲ ಹಂಚಿದ.

ಮುರಿಗೆವ್ವ ಬೆನ್ನು ತಟ್ಟಿದಳು.

"ಮಣಿ ಛಲೋ ಆರಿಸಿದಿ ತಮ್ಮಾ. ಚಿಂತಿ ಮಾಡಬ್ಯಾಡ, ತಿಕ್ಕಿ ತೊಳದ ಇಡ್ತೀನಿ. ನಿನ್ನ ಲಗ್ನಕ್ಕೂ ಆಕ್ಕೈತಿ."